ಕುಣಿಯುವ ಚಿತ್ರಗಳೂ ಕೈಕೊಟ್ಟ ಬಣ್ಣಗಳೂ

ನಮ್ಮ ಆಫೀಸಿಗೆ ಬರುವ ಫೋನುಗಳಲ್ಲಿ "ಹಲೋ" ಅಂತ ಶುರುವಾಗುವವು ಕಡಿಮೆ, "ಅಯ್ಯಯ್ಯೋ ಮೇಡಂ" ಅಂತ ಶುರುವಾಗುವವೇ ಹೆಚ್ಚು. ಬೇರೆಯವರಿಗೆ ಯಾವಾಗಲೋ ಒಮ್ಮೆ ಎದೆ ಧಸಕ್ಕೆನ್ನುವಂಥದ್ದು ಆದರೆ, ನಮಗೆ ವಾರಕ್ಕೊಮ್ಮೆ ಆಗುತ್ತದೆ. ಹಬ್ಬದ ಸೀಸನ್ನಿನಲ್ಲಂತೂ ಊಟಕ್ಕೆ ಮೊದಲೊಮ್ಮೆ, ಊಟ ಆದಮೇಲೊಮ್ಮೆ.

ನಾನು ಕೆಲಸ ಮಾಡುವುದು ಜೋಗೇಶ್ವರಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ. ನಮ್ಮ ಎಡಗಡೆ ಸ್ಕ್ರೂ ಮಾಡುತ್ತಾರೆ, ಬಲಗಡೆ ಬಾಚಣಿಗೆ ಮಾಡುತ್ತಾರೆ, ನಡುವಿನ ಗಾಲಾದಲ್ಲಿ, ಅಂದರೆ ಮಳಿಗೆಯಲ್ಲಿ, ನಾವು ಜಿಫ್ ಮಾಡುತ್ತೇವೆ. ಜಿಫ್ ಅಂದರೆ ನಿಮಗೆ ಗೊತ್ತಿರುವುದೇ. ಬೆಳಗ್ಗೆ ಎದ್ದು ಮೊಬೈಲ್ ತೆರೆದರೆ ದೀಪ ಮಿಣುಕುತ್ತ, ಗುಲಾಬಿ ಅರಳುತ್ತ, ಚಹಾದ ಕಪ್ಪಿನಿಂದ ಹಬೆ ಏಳುತ್ತ ಬರುತ್ತವಲ್ಲ, ಆ ಕುಣಿಯುವ ಚಿತ್ರಗಳು. ಅಂಗಡಿಯವರ ವೆಬ್‌ಸೈಟಿಗೆ, ಮದುವೆಯ ಕರೆಯೋಲೆಗೆ, ಡಾಕ್ಟರ ಕ್ಲಿನಿಕ್ಕಿಗೆ ಅಂಥವನ್ನು ಮಾಡಿಕೊಡುವುದು ನಮ್ಮ ಕಸುಬು.

ಮಾಡುವುದೇನೂ ಕಷ್ಟವಲ್ಲ. ಮಾಡಿದ್ದನ್ನು ಕಂಪ್ಯೂಟರಿನಿಂದ ಹೊರಗೆ ಕಳಿಸುವಾಗ, ಅಂದರೆ ಎಕ್ಸ್‌ಪೋರ್ಟ್ ಮಾಡುವಾಗ, ಬಣ್ಣ ಉಳಿಸಿಕೊಳ್ಳುವುದು ಕಷ್ಟ. ಒಂದು ಸಾದಾ ಫೋಟೋದಲ್ಲೂ ಲೆಕ್ಕವಿಲ್ಲದಷ್ಟು ಬಣ್ಣಗಳಿರುತ್ತವೆ. ಜಿಫ್ ಅನ್ನುವ ಡಬ್ಬಿಯಲ್ಲಿ ಇರುವುದು ಇನ್ನೂರೈವತ್ತಾರೇ ಸೀಟು. ಸೀಟು ಸಿಗದ ಬಣ್ಣ, ಸಂಜೆಯ ವಿರಾರ್ ಲೋಕಲ್ ರೈಲಿನಲ್ಲಿ ಹೆಂಗಸರು ಮಾಡುವ ಹಾಗೆ, ಪಕ್ಕದ ಬಣ್ಣದ ತೊಡೆಯ ಮೇಲೆ ಕೂತು ಹೋಗಬೇಕು. ಯಾವ ಬಣ್ಣ ಯಾರ ತೊಡೆಯ ಮೇಲೆ ಕೂತಿತು ಅನ್ನುವುದು ಇಳಿದಮೇಲಷ್ಟೇ ಗೊತ್ತಾಗುತ್ತದೆ.

ನಾನು ಧಾರವಾಡದವಳು, ಮದುವೆಯಾಗಿ ಸಯನ್ನಿಗೆ ಬಂದವಳು. ನಮ್ಮ ಮಾಲೀಕರು, ನಾವು 'ಸರ್' ಅನ್ನುವವರು, ಉಡುಪಿ ಕಡೆಯವರು. "ಎಂತ ಬೇಕಾದ್ರೂ ಹೋಗಲಿ ಮಾರಾಯ್ತಿ, ಕಲರ್ ಹೋಗಬಾರದು" ಅಂತ ದಿನಾ ಬೆಳಗ್ಗೆ ಊದುಬತ್ತಿ ಹಚ್ಚಿ ಹೇಳುತ್ತಾರೆ. ಊದುಬತ್ತಿ ಆರುವುದರೊಳಗೆ ಫೋನು ಬರುತ್ತದೆ.

ಹಸಿರು ಪೇಡಾ

ಬೈಕುಲ್ಲಾ ಮಾರ್ಕೆಟ್ಟಿನ ಹತ್ತಿರ ನಮ್ಮೂರ ಕಡೆಯವರೊಬ್ಬರ ಪೇಡಾ ಅಂಗಡಿ ಇದೆ. ಮನೆಯಲ್ಲಿ ಕೂತೇ ಆರ್ಡರ್ ಮಾಡುವವರಿಗಾಗಿ ವೆಬ್‌ಸೈಟ್ ಮಾಡಿಸಿದರು. ಡಬ್ಬಿಯ ಮುಚ್ಚಳ ತಾನೇ ತೆರೆಯಬೇಕು, ಒಳಗಿಂದ ಪೇಡಾಗಳು ಒಂದೊಂದಾಗಿ ಟಣ್ ಟಣ್ ಅಂತ ಮೇಲೆ ಹಾರಬೇಕು, ಹಿಂದೆ ದೀಪಾವಳಿಯ ಪಟಾಕಿ ಬಣ್ಣಬಣ್ಣವಾಗಿ ಸಿಡಿಯಬೇಕು. ಹಾಗೇ ಮಾಡಿಕೊಟ್ಟೆವು.

ಮರುದಿನ ಫೋನು.

"ಮೇಡಂ, ನಮ್ಮ ಪೇಡಾಕ್ಕ ಬೂಷ್ಟ ಹಿಡದದ!"

ನಾನು ಹಳೆಯ ಪರಿಚಯದ ಸಲಿಗೆಯಲ್ಲಿ, "ಫ್ರಿಜ್ಜಿನ್ಯಾಗ ಇಟ್ಟಿದ್ದಿಲ್ಲೇನ್ರಿ?" ಅಂದೆ.

"ಅಂಗಡ್ಯಾಗಿನ ಪೇಡಾಕ್ಕಲ್ರೀ! ನಿಮ್ಮ ವೆಬ್‌ಸೈಟಿನ್ಯಾಗಿನ ಪೇಡಾಕ್ಕ!"

ತೆರೆದು ನೋಡಿದೆ. ಪಟಾಕಿಯ ಬಣ್ಣಗಳೆಲ್ಲ ಮುಂಚೆಯೇ ಹತ್ತಿ ಸೀಟು ಹಿಡಿದುಬಿಟ್ಟಿದ್ದವು, ಪೇಡಾದ ಕಂದುಬಣ್ಣಕ್ಕೆ ಜಾಗವೇ ಸಿಕ್ಕಿರಲಿಲ್ಲ. ಇಂಥ ಹೊತ್ತಿನಲ್ಲಿ ಕಂಪ್ಯೂಟರ್ ಒಂದು ಉಪಾಯ ಮಾಡುತ್ತದೆ. ಒಂದು ಕೆಂಪು ಚುಕ್ಕೆ, ಪಕ್ಕದಲ್ಲೊಂದು ಹಸಿರು ಚುಕ್ಕೆ ಇಡುತ್ತ ಹೋಗುತ್ತದೆ, ದೂರದಿಂದ ನೋಡಿದವರಿಗೆ ಕಂದು ಅನ್ನಿಸಲಿ ಅಂತ. ಇದಕ್ಕೆ ಡಿದರಿಂಗ್ ಅಂತ ಹೆಸರು. ಆದರೆ ಪೇಡಾವನ್ನು ದೂರದಿಂದ ನೋಡುವವರು ಯಾರು? ಜನ ಮೊಬೈಲನ್ನು ಮೂಗಿನ ಹತ್ತಿರ ಹಿಡಿದೇ ನೋಡಿದ್ದರು. ಪೇಡಾದ ಮೇಲಿನ ಸಕ್ಕರೆಪುಡಿ ಸಹಿತ ಹಸಿರಾಗಿತ್ತು.

"ನಮ್ಮಪ್ಪ, ನಮ್ಮಜ್ಜ, ಯಾರ ಕಾಲದಾಗೂ ನಮ್ಮ ಪೇಡಾ ಹಿಂಗ ಕಂಡಿಲ್ರೀ," ಅಂದರು. ಹಬ್ಬದ ಆರ್ಡರುಗಳು ಬರುವ ಹೊತ್ತು. ಪಟಾಕಿಯನ್ನೆಲ್ಲ ಕಿತ್ತುಹಾಕಿ, ಪೇಡಾದ ಒಂದೊಂದು ಕಂದುಬಣ್ಣಕ್ಕೂ ಸೀಟು ಕಾದಿರಿಸಿ, ಮಧ್ಯಾಹ್ನದೊಳಗೆ ಹೊಸದು ಕಳಿಸಿದೆವು. ಪೇಡಾ ಮತ್ತೆ ಪೇಡಾ ಆಯಿತು. ಸರ್ ಉಸಿರುಬಿಟ್ಟರು.

ಸಂಜೆ ಮತ್ತೆ ಅವರದೇ ಫೋನು. ಈ ಸಲ ಅವರ ದನಿ ಸಣ್ಣಗಿತ್ತು.

"ಮೇಡಂ, ಮುಂಜಾನೆ ನೋಡಿದ ಮಂದಿ ಒಂದ ಸವನ ಫೋನ್ ಮಾಡಾಕತ್ತಾರ. ಆ ಪಿಸ್ತಾ ಪೇಡಾ ಖಾಲಿ ಆತೇನು ಅಂತ ಕೇಳತಾರ. ಸ್ವಲ್ಪ ಆ ಬೂಷ್ಟ ಹೊಳ್ಳಿ ಹಚ್ಚತೀರೇನು?"

ವರನ ಕಣ್ಣು

ಬೆಳಗಾವಿ ಕಡೆಯ ಒಂದು ಮನೆತನ, ನಮ್ಮ ಸಯನ್ನಿನವರೇ. ಮಗನ ಮದುವೆಗೆ ಕುಣಿಯುವ ಕರೆಯೋಲೆ ಬೇಕು ಅಂತ ವರನ ತಾಯಿ ಬಂದರು. ಹುಡುಗ ಹುಡುಗಿಯ ಫೋಟೋ ಒಂದಾದಮೇಲೊಂದು ಬರಬೇಕು, ಕೊನೆಗೆ ಹುಡುಗ ಒಬ್ಬನೇ ಚೆಂಡುಹೂವಿನ ಕಮಾನಿನ ಕೆಳಗೆ ನಿಂತು ನಗಬೇಕು.

ಚೆಂಡುಹೂವು ಅಂದರೆ ನಮಗೆ ಗಂಡಾಂತರ. ಒಂದೊಂದು ಹೂವಿನಲ್ಲೂ ನೂರು ಬಗೆಯ ಹಳದಿ. ಕೊನೆಯ ಚಿತ್ರದಲ್ಲಿ ಸೀಟುಗಳೆಲ್ಲ ಹಳದಿಯ ಪಾಲಾದವು. ಹುಡುಗನ ಮುಖಕ್ಕೆ ಉಳಿದದ್ದೂ ಹಳದಿಯೇ. ನಮ್ಮ ಪರದೆಯ ಮೇಲೆ ಅದು ಸಂಜೆಯ ಬಿಸಿಲಿನ ಹಾಗೆ ಚೆನ್ನಾಗಿಯೇ ಕಂಡಿತ್ತು. ಕರೆಯೋಲೆ ಎಲ್ಲರ ಮೊಬೈಲಿಗೂ ಹೋಯಿತು.

ಹುಡುಗಿಯ ಸೋದರತ್ತೆ ಇಡೀ ಆಯುಷ್ಯ ನರ್ಸ್ ಆಗಿ ದುಡಿದವರು. ಅವರು ಚಿತ್ರವನ್ನು ಹಿಗ್ಗಿಸಿ ನೋಡಿದ್ದು ಹುಡುಗನ ನಗುವನ್ನಲ್ಲ, ಕಣ್ಣಿನ ಬಿಳಿಭಾಗವನ್ನು. ಅದೂ ಹಳದಿ.

ಮರುದಿನ ವರನ ತಾಯಿ ಅಳುತ್ತ ನಮ್ಮ ಗಾಲಾಕ್ಕೇ ಬಂದುಬಿಟ್ಟರು. ಹಿಂದೆಯೇ ಹುಡುಗಿಯ ತಂದೆ, ಅವರ ಹಿಂದೆ ಸೋದರತ್ತೆ.

"ಹುಡುಗಗ ಕಾಮಾಲಿ ಅದ ಅಂತ ಹೇಳದ ಮುಚ್ಚಿಟ್ಟೀರಿ," ಅಂದರು ಸೋದರತ್ತೆ.

ಸರ್ ಎದ್ದು ಬಂದರು. "ಅಮ್ಮಾ, ಅದು ಕಾಮಾಲೆ ಅಲ್ಲ, ಕಂಪ್ಯೂಟರಿನ ತೊಂದರೆ. ಮೂಲ ಫೋಟೋ ತೋರಿಸ್ತೇನೆ, ನೋಡಿ" ಅಂತ ಎರಡನ್ನೂ ಪಕ್ಕಪಕ್ಕ ತೆರೆದಿಟ್ಟರು. ಫೋಟೋದಲ್ಲಿ ಹುಡುಗ ಆರೋಗ್ಯವಾಗಿ ಕೆಂಪಗಿದ್ದ. ಜಿಫ್‌ನಲ್ಲಿ ಕುಂಬಳಕಾಯಿಯಂತಿದ್ದ.

ಸೋದರತ್ತೆ ಎರಡನ್ನೂ ಬಹಳ ಹೊತ್ತು ನೋಡಿದರು. "ಇವೆರಡರಾಗ ಮೊದಲ ತಗದದ್ದು ಯಾವುದು?"

"ಫೋಟೋ."

"ಆಮ್ಯಾಲೆ ಬಂದದ್ದು?"

"ಜಿಫ್."

"ಹಂಗಾದ್ರ ಫೋಟೋ ತಗಸಿಕೊಂಡ ಮ್ಯಾಲೆ ಕಾಮಾಲಿ ಬಂದದ, ಅಷ್ಟ."

ಇನ್ನೂರೈವತ್ತಾರು ಸೀಟಿನ ಕಥೆಯನ್ನು ನಾನು ಮೊದಲಿಂದ ಹೇಳಿದೆ. ಹುಡುಗಿಯ ತಂದೆ ತಲೆಯಾಡಿಸಿದರು, ಆದರೆ ಅದು ತಂಗಿಯನ್ನು ನೋಡುತ್ತ ಆಡಿಸಿದ ತಲೆ. ಕೊನೆಗೆ ಹುಡುಗನನ್ನೇ ಆಫೀಸಿನಿಂದ ಕರೆಸಬೇಕಾಯಿತು. ಅವನು ಬಂದು, ನಿಂತು, ಸೋದರತ್ತೆಯ ಅಪ್ಪಣೆಯಂತೆ ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿ, ನಾಲಿಗೆ ಚಾಚಿ, ಉಗುರು ಮುಂದೆ ಹಿಡಿದ. ಅಷ್ಟಕ್ಕೂ ಸಮಾಧಾನವಾಗಲಿಲ್ಲ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಏನೂ ಗೊತ್ತಾಗುವುದಿಲ್ಲ ಅಂತ ಅವನನ್ನು ಬಾಚಣಿಗೆ ಗಾಲಾದ ಮುಂದಿನ ಬಿಸಿಲಿಗೆ ಕರೆದೊಯ್ದು ನೋಡಿದರು. ಅಲ್ಲಿನ ಕೆಲಸದವರೆಲ್ಲ ಮಷೀನ್ ನಿಲ್ಲಿಸಿ ನೋಡಿದರು. ಆಮೇಲೆ ರಕ್ತಪರೀಕ್ಷೆ.

ರಿಪೋರ್ಟ್ ಬಂತು. ಕಾಮಾಲೆಯ ಸುಳಿವೂ ಇಲ್ಲ. ಮದುವೆ ಉಳಿಯಿತು. ಸರ್ ಕೈಮುಗಿದು, "ಹೊಸ ಜಿಫ್ ನಾವೇ ಮಾಡಿ ಕೊಡ್ತೇವೆ, ಚೆಂಡುಹೂವು ಬೇಡ, ಮಲ್ಲಿಗೆ ಹಾಕ್ತೇವೆ" ಅಂದರು.

ವರನ ತಾಯಿ ಚೀಲದಿಂದ ರಿಪೋರ್ಟ್ ತೆಗೆದು ಮೇಜಿನ ಮೇಲಿಟ್ಟರು. "ಮಲ್ಲಗಿ ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಕಡೀಗೆ ಇದನ್ನೂ ಒಂದೀಟ ಮಿಣುಕಿಸಿಬಿಡ್ರಿ."

ಬಿಳುಪಿನ ಬಾಳಿಕೆ

ಜೋಗೇಶ್ವರಿ ಸ್ಟೇಷನ್ನಿನ ಹತ್ತಿರದ ಒಬ್ಬ ದಂತವೈದ್ಯರಿಗೆ ಹಲ್ಲು ಬೆಳ್ಳಗೆ ಮಾಡುವ ಜಾಹೀರಾತು ಬೇಕಿತ್ತು. ಮೊದಲು ಹಳದಿ ಹಲ್ಲು, ಆಮೇಲೆ ಬಿಳಿ ಹಲ್ಲು. ಈ ಸಲ ಒಂದೂ ತಪ್ಪಬಾರದು ಅಂತ ಹಟ ಹಿಡಿದೆ. ಹಳದಿ ಹಳದಿಯಾಗೇ ಉಳಿಯಿತು, ಬಿಳಿ ಬಿಳಿಯಾಗೇ ಉಳಿಯಿತು, ಒಸಡಿನ ಗುಲಾಬಿ ಸಹ ಅಲುಗಲಿಲ್ಲ. ಡಾಕ್ಟರು ಖುಷಿಯಾಗಿ ಅದನ್ನು ವೆಬ್‌ಸೈಟಿಗೂ ಹಾಕಿದರು, ರೋಗಿಗಳು ಕೂರುವ ಕೋಣೆಯ ಟಿವಿಗೂ ಹಾಕಿದರು.

ಸ್ವಲ್ಪ ದಿನದಲ್ಲೇ ಗಾಬರಿಯಿಂದ ಫೋನ್ ಮಾಡಿದರು. ಬಣ್ಣ ಹೋಯಿತೇ ಅಂತ ಕೇಳಿದೆ. ಇಲ್ಲ, ಬಣ್ಣ ಸೊಗಸಾಗಿದೆ, ರೋಗಿಗಳು ಎದ್ದು ಹೋಗುತ್ತಿದ್ದಾರೆ ಅಂದರು.

ಜಿಫ್‌ನ ಸ್ವಭಾವ ನಿಮಗೆ ಗೊತ್ತಲ್ಲ, ಮುಗಿದಕೂಡಲೇ ಮತ್ತೆ ಮೊದಲಿಂದ ಶುರುವಾಗುತ್ತದೆ. ಹಳದಿ, ಬಿಳಿ, ಹಳದಿ, ಬಿಳಿ. ಒಬ್ಬ ಅಜ್ಜಿ ತಮ್ಮ ಸರದಿ ಬರುವವರೆಗೆ ಅದನ್ನೇ ನೋಡುತ್ತ ಕೂತಿದ್ದರಂತೆ. ಒಳಗೆ ಕರೆದಾಗ ಡಾಕ್ಟರ ಕೈ ಹಿಡಿದು ಹೇಳಿದರಂತೆ: "ಪಾಪ, ಆ ಮನುಷ್ಯನದ್ದು ನಾನು ಬಂದಾಗಿಂದ ತೊಳೀತಾ ಇದ್ದೀರಿ, ತೊಳೆದು ಕೈ ತೆಗೆಯೋದರೊಳಗೆ ಮತ್ತೆ ಹಳದಿ ಆಗ್ತಿದೆ. ನನ್ನದು ಕಿತ್ತೇ ಬಿಡಿ."

ನಮ್ಮ ಬಿಲ್ಡಿಂಗಿನ ಬಣ್ಣ

ಇದು ನಮ್ಮ ಮನೆ ಬಾಗಿಲಿಗೇ ಬಂದ ಕಥೆ. ಸಯನ್ನಿನಲ್ಲಿ ನಾವಿರುವ ಬಿಲ್ಡಿಂಗಿಗೆ ಬಣ್ಣ ಹೊಡೆಸಬೇಕಾಗಿತ್ತು. ಯಾವ ಬಣ್ಣ ಅಂತ ಸೊಸೈಟಿಯ ಮೀಟಿಂಗುಗಳಲ್ಲಿ ದೊಡ್ಡ ಜಗಳಗಳೇ ಆಗಿ, ಮಾತು ಬಿಟ್ಟವರು ಮಾತು ಬಿಟ್ಟು, ಕೊನೆಗೆ ಎಲ್ಲರೂ ತಿಳಿನೀಲಿಗೆ ಒಪ್ಪಿದರು. ನಮ್ಮ ಸೊಸೈಟಿಯ ಸೆಕ್ರೆಟರಿ ಮರಾಠಿಯವರು, ಸಾಧು ಮನುಷ್ಯ. "ಮ್ಯಾಡಂ, ಬಿಲ್ಡಿಂಗ್ ನಿಧಾನಕ್ಕೆ ನೀಲಿ ಆಗುವ ಹಾಗೆ ಒಂದು ಚಿತ್ರ ಮಾಡಿ ಕೊಡಿ, ಜನ ನೋಡಿ ಸಮಾಧಾನ ಮಾಡ್ಕೊಳ್ಳಲಿ" ಅಂದರು.

ಭಾನುವಾರ ನಮ್ಮ ಮನೆಗೇ ಬಂದು ನನ್ನ ಪಕ್ಕ ಕೂತರು. ನಾನು ಬಣ್ಣ ಹಚ್ಚುವುದು, ಬೇಡವಾದರೆ ಕಂಟ್ರೋಲ್ ಝೆಡ್ ಒತ್ತಿ ತಕ್ಷಣ ಮೊದಲಿನ ಹಾಗೆ ಮಾಡುವುದು ಅವರಿಗೆ ಬಹಳ ಹಿಡಿಸಿತು. "ಇದು ಮನುಷ್ಯರ ಜೀವನದಲ್ಲಿ ಇರಬೇಕಿತ್ತು" ಅಂದರು.

ಎಕ್ಸ್‌ಪೋರ್ಟ್ ಆಗುವಾಗ ತಿಳಿನೀಲಿ ಹೋಗಿ ನೇರಳೆಯ ತೊಡೆ ಏರಿತ್ತು. ನಾನದನ್ನು ನೋಡಿದೆ. 'ಇದು ನೋಡಲಿಕ್ಕೆ ಮಾತ್ರ, ಬಣ್ಣ ಸರಿಯಾಗಿ ಬಂದಿಲ್ಲ, ಕಂಟ್ರಾಕ್ಟರು ಶೇಡ್ ಕಾರ್ಡನ್ನೇ ನೋಡಬೇಕು' ಅಂತ ಸೊಸೈಟಿಯ ಮೊಬೈಲ್ ಗ್ರೂಪಿನಲ್ಲಿ ದಪ್ಪಕ್ಷರದಲ್ಲಿ ಬರೆದೂ ಬರೆದೆ. ಎಲ್ಲರೂ ಅದಕ್ಕೆ ಹೆಬ್ಬೆರಳು ಎತ್ತಿದರು. ಕಂಟ್ರಾಕ್ಟರ್ ಮಾತ್ರ ಗ್ರೂಪಿನಲ್ಲಿ ಇರಲಿಲ್ಲ, ಅವನಿಗೆ ಯಾರೋ ಚಿತ್ರವನ್ನಷ್ಟೇ ಕಳಿಸಿದ್ದರು.

ನಾನು ತಾಯಿಯನ್ನು ನೋಡಲು ಧಾರವಾಡಕ್ಕೆ ಹೋಗಿದ್ದೆ. ವಾಪಸು ಬಂದು, ಬ್ಯಾಗು ಹಿಡಿದು ಟ್ಯಾಕ್ಸಿಯಲ್ಲಿ ನಮ್ಮ ಗಲ್ಲಿಗೆ ತಿರುಗಿದರೆ ನಮ್ಮ ಬಿಲ್ಡಿಂಗೇ ಇಲ್ಲ. ಅದರ ಜಾಗದಲ್ಲಿ ಒಂದು ಮಹಾಗಾತ್ರದ ಬದನೆಕಾಯಿ ನಿಂತಿದೆ. ಗಲ್ಲಿ ತಪ್ಪಿತು ಅಂದುಕೊಂಡು ಟ್ಯಾಕ್ಸಿಯವನಿಗೆ ಮುಂದೆ ಹೋಗಲು ಹೇಳುವವಳಿದ್ದೆ, ಅಷ್ಟರಲ್ಲಿ ಅದರ ಮೂರನೇ ಮಹಡಿಯಲ್ಲಿ ನಮ್ಮ ಮನೆಯವರ ಲುಂಗಿ ಒಣಗುತ್ತಿರುವುದು ಕಂಡಿತು.

ಕೆಳಗೆ ರಸ್ತೆಯಲ್ಲಿ ಇಡೀ ಸೊಸೈಟಿ ಕತ್ತೆತ್ತಿ ನಿಂತಿತ್ತು. ಒಬ್ಬ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ನಡುವೆ ಕಂಟ್ರಾಕ್ಟರ್ ಒಬ್ಬನೇ ಹೆಮ್ಮೆಯಿಂದ ನಿಂತು, ಮೊಬೈಲಿನಲ್ಲಿ ನನ್ನ ಜಿಫ್ ತೆರೆದು, ಗೋಡೆಯ ಪಕ್ಕ ಹಿಡಿದು ತೋರಿಸುತ್ತಿದ್ದ. "ದೇಖೋ, ಏಕ್‌ದಮ್ ಸೇಮ್ ಟು ಸೇಮ್!"

ನಿಜ ಹೇಳುತ್ತೇನೆ, ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಪರದೆಯ ಮೇಲಿನ ಬಣ್ಣವನ್ನು ಅಷ್ಟು ನಿಷ್ಠೆಯಿಂದ ಹೊರಗೆ ತಂದವರನ್ನು ನಮ್ಮ ಕಸುಬಿನಲ್ಲೂ ನಾನು ಕಂಡಿಲ್ಲ.

ಆಗ ಸೆಕ್ರೆಟರಿಯವರ ಕಣ್ಣು ನನ್ನ ಮೇಲೆ ಬಿತ್ತು. ಜನರನ್ನು ತಳ್ಳಿಕೊಂಡು ಓಡಿಬಂದು, ನನ್ನ ಕೈಯ ಬ್ಯಾಗನ್ನು ತಾವೇ ಕಸಿದುಕೊಂಡು, ಬಿಲ್ಡಿಂಗಿನತ್ತ ಬೆರಳು ತೋರಿಸಿ ಕೂಗಿದರು:

"ಮ್ಯಾಡಂ, ಬಂದದ್ದು ಒಳ್ಳೇದಾಯ್ತು! ಲವಕರ್, ಬೇಗ ಕಂಟ್ರೋಲ್ ಝೆಡ್ ಒತ್ತಿ!"

ಸರ್ ಅವರ ಕಣ್ಣಿನ ಪರೀಕ್ಷೆ

ನಮ್ಮ ಆಫೀಸಿನಲ್ಲಿ ಒಂದು ನಿಯಮ. ಸರ್ ನೋಡಿ "ಪಾಸ್" ಅನ್ನುವವರೆಗೆ ಒಂದು ಜಿಫ್ ಕೂಡ ಹೊರಗೆ ಹೋಗುವಂತಿಲ್ಲ. ಕನ್ನಡಕ ಮೂಗಿನ ತುದಿಗೆ ಇಳಿಸಿ, ಪರದೆಗೆ ಹತ್ತಿರ ಬಂದು, ದೂರ ಹೋಗಿ, "ಹಸಿರು ಸ್ವಲ್ಪ ಜಾಸ್ತಿ ಆಯ್ತು, ಕಮ್ಮಿ ಮಾಡು" ಅನ್ನುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂದು ನೋಡಿ, "ಹಾಂ, ಈಗ ಪಾಸ್" ಅನ್ನುತ್ತಾರೆ. ಅವರ ಕಣ್ಣಿನ ಬಗ್ಗೆ ಎಸ್ಟೇಟಿನಲ್ಲೆಲ್ಲ ದೊಡ್ಡ ಹೆಸರಿತ್ತು.

ಒಮ್ಮೆ ಎಸ್ಟೇಟಿನ ಅಂಗಳದಲ್ಲಿ ಉಚಿತ ಕಣ್ಣಿನ ತಪಾಸಣೆ ಇಟ್ಟರು. ಸ್ಕ್ರೂನವರು, ಬಾಚಣಿಗೆಯವರು, ನಾವು, ಎಲ್ಲರೂ ಸಾಲಾಗಿ ನಿಂತೆವು. ಸರ್ ಎಲ್ಲರಿಗಿಂತ ಮುಂದೆ. ಅಕ್ಷರಗಳನ್ನು ಗಡಗಡ ಓದಿದರು. ಆಮೇಲೆ ಡಾಕ್ಟರ್ ಹುಡುಗಿ ಒಂದು ಪುಸ್ತಕ ತೆರೆದಳು. ಪುಟದ ತುಂಬ ಬಣ್ಣದ ಚುಕ್ಕೆಗಳ ಒಂದು ವೃತ್ತ, ಚುಕ್ಕೆಗಳ ನಡುವೆ ಒಂದು ಅಂಕಿ.

"ಸರ್, ಇಸ್‌ಮೇ ಕೌನ್‌ಸಾ ನಂಬರ್ ಹೈ?"

ಸರ್ ಹತ್ತಿರ ಬಂದು ನೋಡಿದರು. ದೂರ ಹೋಗಿ ನೋಡಿದರು. ಹಿಂದೆ ನಿಂತ ನಮಗೆಲ್ಲ ಅಂಕಿ ಢಾಳಾಗಿ ಕಾಣುತ್ತಿತ್ತು. ಸರ್ ಪುಸ್ತಕವನ್ನೇ ಕೈಗೆ ತೆಗೆದುಕೊಂಡು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು:

"ಎಂತ ನಂಬರ್? ಬರೀ ಚುಕ್ಕೆ ಚುಕ್ಕೆ. ಡಿದರಿಂಗ್ ಪೂರಾ ಹಾಳಾಗಿದೆ, ಕಲರ್ ಒಂದೂ ಉಳಿದಿಲ್ಲ. ಯಾರು ಮಾರಾಯ್ತಿ ಇದನ್ನು ಎಕ್ಸ್‌ಪೋರ್ಟ್ ಮಾಡಿದ್ದು? ನಾನಾಗಿದ್ರೆ ಪಾಸ್ ಮಾಡ್ತಿರಲಿಲ್ಲ."

ಡಾಕ್ಟರ್ ಹುಡುಗಿ ಮೆಲ್ಲಗೆ ವಿಷಯ ಹೇಳಿದಳು. ಸರ್‌ಗೆ ಕೆಂಪು ಯಾವುದು, ಹಸಿರು ಯಾವುದು ಅನ್ನುವುದು ಹುಟ್ಟಿದಾಗಿಂದಲೇ ಸರಿಯಾಗಿ ತಿಳಿಯುತ್ತಿರಲಿಲ್ಲ.

ಅವರು ಮೆಟ್ಟಿಲ ಮೇಲೆ ಕುಸಿದು ಕೂತುಬಿಟ್ಟರು. ನಾನು ಚಹಾ ತಂದುಕೊಟ್ಟೆ. ಕುಡಿಯಲಿಲ್ಲ.

"ಹಾಗಾದ್ರೆ ಇಷ್ಟು ವರ್ಷ ನಾನು ಹಸಿರು ಕಮ್ಮಿ ಮಾಡಿಸಿದ್ದು, ಕೆಂಪು ಜಾಸ್ತಿ ಮಾಡಿಸಿದ್ದು, ಎಲ್ಲ ತಪ್ಪಾ? ಎಷ್ಟು ಜನರ ಕಲರ್ ಹಾಳು ಮಾಡಿದೆ ನಾನು?"

"ಯಾರದ್ದೂ ಹಾಳಾಗಿಲ್ಲ ಸರ್. ಎಲ್ಲ ಚಲೋನ ಹೋಗ್ಯಾವ."

"ಅದು ಹೇಗೆ ಸಾಧ್ಯ?"

ಅವರಿಗೆ ಸಮಾಧಾನವಾಗಲಿ ಅಂತ ನಾನು ನಿಜ ಹೇಳಿದೆ: "ನೀವು ಹೇಳಿದ ಮ್ಯಾಲೆ ನಾವು ಏನೂ ಬದಲಿ ಮಾಡ್ತಿದ್ದಿಲ್ಲ ಸರ್. ಸ್ವಲ್ಪ ಹೊತ್ತು ಬಿಟ್ಟು ಅದನ್ನ ಹೊಳ್ಳಿ ತೋರಸ್ತಿದ್ವಿ."

ಡಾಕ್ಟರ್ ಹೇಳಿದಾಗ ಅವರು ಬರೀ ಕುಸಿದಿದ್ದರು. ಈಗ ಚಹಾನೂ ಚೆಲ್ಲಿಕೊಂಡರು.

ಅಧ್ಯಕ್ಷರ ಧೋತರ

ಒಂದು ಉಪನಗರದ ಕನ್ನಡ ಸಂಘದ ವಾರ್ಷಿಕೋತ್ಸವ. ಅಧ್ಯಕ್ಷರು ವಿಜಯಪುರ ಕಡೆಯ ಹಿರಿಯರು, ನಿವೃತ್ತ ಅಧಿಕಾರಿ, ಬಹಳ ಗಂಭೀರ ಮನುಷ್ಯ. ಮನೆಯಲ್ಲಿರಲಿ ಸಭೆಯಲ್ಲಿರಲಿ, ಅಚ್ಚ ಬಿಳಿ ಅಂಗಿ, ಅಚ್ಚ ಬಿಳಿ ಧೋತರ, ಹೆಗಲ ಮೇಲೊಂದು ಜರಿಯಂಚಿನ ಶಾಲು. ಅಂಗಿಯ ಮೇಲೆ ಒಂದು ಸುಕ್ಕು ಕಂಡವರಿಲ್ಲ.

ಸಂಘದ ವೆಬ್‌ಸೈಟಿನಲ್ಲಿ ಅಧ್ಯಕ್ಷರು ಕೈಮುಗಿದು ಬಾಗಿ ಸ್ವಾಗತ ಕೋರುವ ಜಿಫ್ ಬೇಕು ಅಂತ ಕಾರ್ಯದರ್ಶಿ ಕೇಳಿದರು. ಅಧ್ಯಕ್ಷರ ಹಿಂದಿನ ಬಿಳಿಗೋಡೆ ಕಾಣಬಾರದು, ಅವರೊಬ್ಬರೇ ಪುಟದ ಮೇಲೆ ನಿಂತ ಹಾಗಿರಬೇಕು. ಅದಕ್ಕೊಂದು ಸುಲಭದ ದಾರಿಯಿದೆ. ಯಾವುದಾದರೂ ಒಂದು ಬಣ್ಣವನ್ನು 'ಪಾರದರ್ಶಕ' ಅಂತ ಗುರುತು ಮಾಡಿದರೆ ಜಿಫ್ ಆ ಬಣ್ಣವನ್ನು ಗಾಜಿನ ಹಾಗೆ ಮಾಡುತ್ತದೆ, ಹಿಂದಿದ್ದದ್ದು ಅದರೊಳಗಿಂದ ಕಾಣುತ್ತದೆ. ನಾವು ಬಿಳಿಯನ್ನು ಗುರುತು ಮಾಡಿದೆವು. ಬಿಳಿ ಪುಟದ ಮೇಲಿಟ್ಟು ನೋಡಿದೆವು. ಗೋಡೆ ಮಾಯವಾಗಿತ್ತು, ಅಧ್ಯಕ್ಷರು ಗಂಭೀರವಾಗಿ ಬಾಗುತ್ತಿದ್ದರು. ಕಳಿಸಿಬಿಟ್ಟೆವು.

ಕಾರ್ಯದರ್ಶಿ ವೆಬ್‌ಸೈಟಿನ ಪುಟಕ್ಕೆ ಯಾವ ಬಣ್ಣ ಆರಿಸಿದ್ದರು ಅನ್ನುವುದು ನಮಗೆ ಗೊತ್ತಿರಲಿಲ್ಲ. ಕಣ್ಣಿಗೆ ತಂಪಾಗಿರಲಿ ಅಂತ ಅವರು ತಿಳಿಗೋಧಿ ಬಣ್ಣ ಹಾಕಿದ್ದರು. ಸರಿಯಾಗಿ ಅಧ್ಯಕ್ಷರ ಮೈಬಣ್ಣ.

ಫೋನು ಬಂದಾಗ ಸರ್ ಎತ್ತಿದರು. ಸ್ಪೀಕರಿನಲ್ಲಿ ಕಾರ್ಯದರ್ಶಿಯ ಏದುಸಿರು ನಮಗೆಲ್ಲ ಕೇಳುತ್ತಿತ್ತು.

"ಸಾರ್, ಅಧ್ಯಕ್ಷರ ಬಟ್ಟೆ..."

"ಬಟ್ಟೆಗೆ ಎಂತ ಆಯ್ತು?"

"ಇಲ್ಲ ಸಾರ್!"

"ಎಂತ ಇಲ್ಲ?"

"ಬಟ್ಟೇನೇ ಇಲ್ಲ ಸಾರ್!"

ಸರ್ ಗಾಬರಿಯಿಂದ ನಮ್ಮ ಕಂಪ್ಯೂಟರಿನಲ್ಲಿದ್ದ ಜಿಫ್ ತೆರೆಸಿದರು. ಬಿಳಿ ಪುಟ, ಬಿಳಿ ಅಂಗಿ, ಬಿಳಿ ಧೋತರ. "ಎಂತದು ಮಾರಾಯ್ರೆ, ಉಂಟಲ್ಲ? ನಮ್ಮಲ್ಲಿ ಉಟ್ಟಿದ್ದಾರೆ!"

"ನಮ್ಮಲ್ಲಿ ಬಿಚ್ಚಿದ್ದಾರೆ ಸಾರ್!"

"ಸರಿಯಾಗಿ ನೋಡಿ!"

"ಎಷ್ಟೂಂತ ನೋಡಲಿ ಸಾರ್!"

ನಾನು ಸಂಘದ ವೆಬ್‌ಸೈಟ್ ತೆರೆದೆ. ಬಾಯಿ ತೆರೆದದ್ದು ಮುಚ್ಚಲಿಲ್ಲ. ಕನ್ನಡಕ ಇತ್ತು. ಕೈಗಡಿಯಾರ ಇತ್ತು. ಜರಿಯಂಚಿನ ಶಾಲು ಇತ್ತು. ಕಾಲಲ್ಲಿ ಚಪ್ಪಲಿ ಇದ್ದವು. ಇಷ್ಟು ಬಿಟ್ಟರೆ ಪರಮಾತ್ಮ ಕಳಿಸಿದ ಹಾಗೇ ನಿಂತು, ಅಧ್ಯಕ್ಷರು ಕೈಮುಗಿದು ಬಾಗುತ್ತಿದ್ದರು. ಕೆಳಗೆ 'ಸಕುಟುಂಬ ಸಪರಿವಾರ ಸಮೇತರಾಗಿ ಬನ್ನಿ' ಅಂತ ಅಕ್ಷರಗಳು ಮಿಣುಕುತ್ತಿದ್ದವು.

"ಮೊದಲು ಆ ಪುಟದ ಬಣ್ಣ ತೆಗೀರಿ!" ಅಂತ ನಾನು ಫೋನಿನಲ್ಲಿ ಕೂಗಿದೆ. ಕಾರ್ಯದರ್ಶಿ ತಡಬಡಿಸಿ ತೆಗೆದರು. ಬಣ್ಣದ ಹಿಂದೆ ಏನಿದೆ ಅನ್ನುವುದು ಅವರಿಗೂ ಮರೆತುಹೋಗಿತ್ತು. ಅಲ್ಲಿ ಕಾರ್ಯಕ್ರಮಕ್ಕೆ ಸಹಾಯ ಮಾಡಿದ ಅಂಗಡಿಗಳ ಜಾಹೀರಾತುಗಳಿದ್ದವು. ಈಗ ಅಧ್ಯಕ್ಷರ ಎದೆಯ ಮೇಲೆ ಒಂದು ಉಪ್ಪಿನಕಾಯಿಯ ಭರಣಿ ಮೂಡಿತು, ಧೋತರದ ಜಾಗದಲ್ಲಿ 'ಮದುವೆ ಮುಂಜಿಗಳಿಗೆ ಊಟದ ವ್ಯವಸ್ಥೆ ಮಾಡಲಾಗುವುದು' ಅಂತ ಬಂತು. ಮೊದಲಿನದೇ ವಾಸಿಯಾಗಿತ್ತು ಅಂದರು ಸರ್.

ಜಿಫ್ ಕಿತ್ತುಹಾಕಿಸುವುದರೊಳಗೆ ಅಧ್ಯಕ್ಷರಿಗೆ ಸುದ್ದಿ ಹೋಗಿತ್ತು. ಅವರು ಬೈಯುವ ಜನವಲ್ಲ. ಫೋನ್ ಮಾಡಿ, "ಬೀಗರು ನೋಡ್ಯಾರ್ರಿ" ಅಂದರು. "ಇನ್ನ ನಾ ಯಾವ ಮಾರಿ ಇಟಕೊಂಡು ಸ್ಟೇಜಿನ ಮ್ಯಾಲೆ ನಿಂದರಲಿ? ನನ್ನ ರಾಜೀನಾಮೆ ಕಾರ್ಯದರ್ಶಿಗೆ ಕಳಸ್ತೀನಿ."

ಆ ಮಾತು ಕೇಳಿ ನನ್ನ ನಗು ನಿಂತುಹೋಯಿತು. ವರ್ಷಗಟ್ಟಲೆ ಸಂಘ ಕಟ್ಟಿದ ಮನುಷ್ಯ. ಕೂತು, ಅವರ ಮೈಮೇಲೆ ಎಲ್ಲೂ ಇಲ್ಲದ ಒಂದು ಕಡುನೀಲಿಯನ್ನು ಹಿಂದಿನ ಗೋಡೆಗೆ ತುಂಬಿ, ಆ ನೀಲಿಯನ್ನೇ ಮಾಯ ಮಾಡಿ, ಧೋತರದ ಒಂದೊಂದು ನೆರಿಗೆಯ ಬಿಳಿಗೂ ಸೀಟು ಕೊಟ್ಟು ಹೊಸದಾಗಿ ಎಕ್ಸ್‌ಪೋರ್ಟ್ ಮಾಡಿದೆ. ಎಲ್ಲ ಬಣ್ಣದ ಪುಟಗಳ ಮೇಲೂ ಇಟ್ಟು ನೋಡಿದೆ. ಆಮೇಲೆ ಲ್ಯಾಪ್‌ಟಾಪ್ ಹಿಡಿದು ನಾನೇ ಅವರ ಮನೆಗೆ ಹೋದೆ.

ಅಧ್ಯಕ್ಷರು ಕನ್ನಡಕ ಒರೆಸಿ ಹಾಕಿಕೊಂಡು ನೋಡಿದರು. "ಕೆಂಪ ಪುಟದ ಮ್ಯಾಲೆ ಇಡ್ರಿ" ಅಂದರು, ಇಟ್ಟೆ. ಧೋತರ ಇತ್ತು. "ಹಸರದ ಮ್ಯಾಲೆ?" ಇತ್ತು. "ಆ ಹಾಳ ಗೋಧಿ ಬಣ್ಣದ ಮ್ಯಾಲೆ?" ಅಲ್ಲೂ ಇತ್ತು. ಪರದೆಯ ಮೇಲಿನ ತಮ್ಮ ಅಂಗಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಹಂ. ಭಾನುವಾರ ಬರತೀನಂತ ಕಾರ್ಯದರ್ಶಿಗೆ ಹೇಳ್ರಿ" ಅಂದು, ಫೋನ್ ಬಂತೆಂದು ಹೊರಗಿನ ಗ್ಯಾಲರಿಗೆ ಹೋದರು.

ಅಷ್ಟು ಹೊತ್ತು ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಈಗ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಹತ್ತಿರ ಬಂದರು. ನಾನು ಎದ್ದು ನಿಂತೆ. ಇವರಿಗೆ ಎಷ್ಟು ನೋವಾಗಿದೆಯೋ ಅಂತ ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಬೇಡವೆಂದು ಕೈ ಮಾಡಿ, ಗ್ಯಾಲರಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ತಂಗೀ, ಈ ಬಿಳೆ ಬಟ್ಟಿ ಮಾಯ ಮಾಡೋದು ಬರೇ ಚಿತ್ರದಾಗ ಅಷ್ಟ ಆಗತದೋ, ಮನ್ಯಾಗೂ ಆಗತದೋ?"

"ಯಾಕ್ರೀ ಅಮ್ಮ?"

"ಕಪಾಟಿನ್ಯಾಗ ಇನ್ನೂ ಒಂದು ರಾಶಿ ಅವ. ನೀಲಿ ಹಾಕಿ, ಗಂಜಿ ಹಾಕಿ, ಒಗದು ಒಗದು ನನ್ನ ರಟ್ಟಿ ಬಿದ್ದು ಹೋಗ್ಯಾವ. ಅವರು ಒಳಗ ಬರೋದ್ರಾಗ ಅವನ್ನಷ್ಟೂ ಮಾಯ ಮಾಡಿಬಿಡು, ಪುಣ್ಯಾ ಬರತದ."